ಕಾಲು ತೆಗೆದಾಗ ಕೂಗುವ ಪಿಕಪ್: ಎಂಜಿನ್ ಇಳಿಸುವ ಮೊದಲು ಗಾಡಿಯ ಅಡಿ ನೋಡಿ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. 2018ರ ಬಿಎಸ್-4 ಡೀಸೆಲ್ ಪಿಕಪ್ ಇದೆ, 1.70 ಲಕ್ಷ ಕಿಲೋಮೀಟರ್ ಓಡಿದೆ. ಗೊಬ್ಬರ, ಕಾಫಿ ಮೂಟೆ, ಶುಂಠಿ ಹೇರುತ್ತೇವೆ. ತಿಂಗಳಿಗೆ ಎರಡು ಮೂರು ಸಲ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿಬರುತ್ತದೆ. ಕೆಲವು ವಾರಗಳಿಂದ ಆಕ್ಸಿಲರೇಟರ್ ಬಿಟ್ಟ ಕ್ಷಣ ಅಡಿಯಲ್ಲಿ 'ಟಕ್' ಎಂದು ಒಂದು ಪೆಟ್ಟು ಕೇಳುತ್ತದೆ. ಆಮೇಲೆ 60ರಿಂದ 40ಕ್ಕೆ ಇಳಿಯುವ ತನಕ 'ಗೂಂ' ಎಂದು ಕೂಗುತ್ತದೆ. ಮತ್ತೆ ಕಾಲಿಟ್ಟರೆ ಶಬ್ದ ಮಾಯ. ನಿಂತಲ್ಲಿ ರೇಸ್ ಮಾಡಿದರೆ ಏನೂ ಇಲ್ಲ. ಒಂದು ಗ್ಯಾರೇಜಿನವರು ಟರ್ಬೊ ಹೋಗಿದೆ ಎಂದರು. ಹಾಸನದ ಇನ್ನೊಬ್ಬರು ಎಂಜಿನ್ ಬೇರಿಂಗ್ ಹೊಡೆದಿದೆ, ಇಳಿಸಬೇಕು ಎಂದರು. ನ್ಯೂಟ್ರಲ್ ಮಾಡಿದರೆ ಶಬ್ದ ಕಡಿಮೆ ಎಂದು ನಮ್ಮ ಡ್ರೈವರ್ ಇಳಿಜಾರಿನಲ್ಲಿ ಹಾಗೇ ಬಿಡುತ್ತಿದ್ದಾನೆ. ಬೇಸಿಗೆಯಲ್ಲಿ ಹಿಂದಿನ ಸ್ಪ್ರಿಂಗ್ ಸೆಟ್ಟಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆವು. ಮಳೆಗಾಲದಲ್ಲಿ ತೋಟದ ಹಳ್ಳ ದಾಟಿಸುವುದೂ ಇದೆ. ಎಂಜಿನ್ ಬಿಚ್ಚಿಸಲೇ?

ಉತ್ತರ: ಎಂಜಿನ್ ವಿಷಯ ಆಮೇಲೆ. ನ್ಯೂಟ್ರಲ್‌ನಲ್ಲಿ ಘಾಟಿ ಇಳಿಸುವುದನ್ನು ಇವತ್ತೇ ನಿಲ್ಲಿಸಿ. ಲೋಡ್ ಇರುವ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ದೊಡ್ಡ ಪಾಲು ಕೆಲಸ ಎಂಜಿನ್ನಿನದು. ನ್ಯೂಟ್ರಲ್ ಮಾಡಿದರೆ ಆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಚಾರ್ಮಾಡಿಯಂಥ ಉದ್ದ ಇಳಿಜಾರಿನಲ್ಲಿ ಬ್ರೇಕ್ ಲೈನರ್ ಕಾದು, ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗದ ಸ್ಥಿತಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಜೆಕ್ಟರಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಐಡಲ್ ಓಡಿಸಲು ಡೀಸೆಲ್ ಉರಿಯುತ್ತಲೇ ಇರುತ್ತದೆ. ಎಂಜಿನ್ ಬ್ರೇಕ್ ಹಿಡಿದರೆ ಎಂಜಿನ್ ಸವೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಅದೂ ನಿಜವಲ್ಲ. 70ರ ವೇಗದಲ್ಲಿ ಎರಡನೇ ಗೇರಿಗೆ ತುರುಕಿದರೆ ಹಾಳಾಗುತ್ತದೆ, ಯಾಕೆಂದರೆ ಆಗ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಇಸಿಯುಗೆ ಅದನ್ನು ತಡೆಯಲಾಗದು. ವೇಗ ಇಳಿಸಿಕೊಂಡು ಗೇರ್ ಇಳಿಸಿದರೆ ಯಾವ ತೊಂದರೆಯೂ ಇಲ್ಲ.

ಇನ್ನು ನಿಮ್ಮ ಪ್ರಶ್ನೆಗೆ: ಈಗಲೇ ಎಂಜಿನ್ ಬಿಚ್ಚಿಸಬೇಡಿ. ನೀವು ಬರೆದ ಮೂರು ಸಂಗತಿ ಎಂಜಿನ್ ಕಡೆಗಲ್ಲ, ಗಾಡಿಯ ಹಿಂಭಾಗದ ಕಡೆಗೆ ಬೆರಳು ತೋರಿಸುತ್ತವೆ. ನಿಂತಲ್ಲಿ ರೇಸ್ ಮಾಡಿದರೆ ಶಬ್ದವಿಲ್ಲ. ಆಕ್ಸಿಲರೇಟರ್ ಕೊಟ್ಟರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಮತ್ತು ಶಬ್ದದ ಏರಿಳಿತವನ್ನು ನೀವು ಗಾಡಿಯ ವೇಗದಲ್ಲಿ ಹೇಳುತ್ತಿದ್ದೀರಿ, ಎಂಜಿನ್ನಿನ ಆರ್‌ಪಿಎಂನಲ್ಲಿ ಅಲ್ಲ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಮತ್ತು ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಒಳಗಿನ ಪಿನಿಯನ್ ಬೇರಿಂಗ್, ಇವೆರಡರ ಮೇಲೆ ನನಗೆ ಬಲವಾದ ಅನುಮಾನ. ಆದರೆ ಕಾಗದ ಓದಿ ತೀರ್ಪು ಕೊಡಲಾಗದು, ಪರೀಕ್ಷೆ ಮಾಡಿಯೇ ಖಚಿತಪಡಿಸಿಕೊಳ್ಳಬೇಕು.

ಕಾಲು ತೆಗೆದಾಗ ಡೀಸೆಲ್ ಪೂರೈಕೆ ನಿಲ್ಲುತ್ತದೆ ಎಂದೆನಲ್ಲ, ಶಬ್ದ ಹುಡುಕುವವರಿಗೆ ಅದೇ ದೊಡ್ಡ ಸಹಾಯ. ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೆ ಬರುವ 'ಕಟಕಟ' ಡೀಸೆಲ್ ಉರಿಯುವಾಗಿನ ಶಬ್ದ. ಕಾಲು ತೆಗೆದರೆ ಅದು ನಿಲ್ಲಲೇಬೇಕು. ಕಾಲು ತೆಗೆದ ಮೇಲೂ ಎಂಜಿನ್ ಕಡೆಯಿಂದ ಪೆಟ್ಟು ಕೇಳುತ್ತಿದ್ದರೆ, ಅಥವಾ ಆಗಲೇ ಶುರುವಾದರೆ, ಅದು ಉರಿಯುವ ಶಬ್ದವಲ್ಲ, ಲೋಹಕ್ಕೆ ಲೋಹ ತಾಗುವ ಶಬ್ದ. ಹಾಗೆಯೇ ಎಂಜಿನ್ ಮೌನವಾದಾಗ ಅಷ್ಟು ಹೊತ್ತು ಅದರ ಗದ್ದಲದಲ್ಲಿ ಮುಚ್ಚಿಹೋಗಿದ್ದ ಗೇರ್, ಬೇರಿಂಗ್, ಟೈರಿನ ಸದ್ದುಗಳು ಎದ್ದು ಕೇಳುತ್ತವೆ. ಹಾಗಾಗಿ 'ಕಾಲು ತೆಗೆದಾಗ ಬರುತ್ತದೆ' ಎನಿಸುವ ಕೆಲವು ಸದ್ದು ಮೊದಲಿನಿಂದಲೂ ಇದ್ದೇ ಇರುತ್ತವೆ. ನಿಲ್ಲುವ ಹೊತ್ತಿಗೆ ಆರ್‌ಪಿಎಂ ಐಡಲಿನ ಹತ್ತಿರ ಬಂದಾಗ ಡೀಸೆಲ್ ಮತ್ತೆ ಶುರುವಾಗಿ ಸಣ್ಣ ಅದುರಿನೊಡನೆ 'ಕಟಕಟ' ಕೇಳಿದರೆ ಅದು ಸಹಜ. ಅದಕ್ಕೆ ದುಡ್ಡು ಸುರಿಯಬೇಕಿಲ್ಲ.

ಟರ್ಬೊ ಮಾತನ್ನೂ ಇಲ್ಲೇ ಮುಗಿಸೋಣ. ಕಾಲು ತೆಗೆದಾಗ ಟರ್ಬೊದ ವೇಗ ಬೀಳುತ್ತ 'ಸುಯ್' ಎಂದು ಇಳಿಯುವುದು ಅದರ ಸ್ವಭಾವ. ಕೆಟ್ಟ ಟರ್ಬೊ ಸೈರನ್ನಿನಂತೆ ಕೂಗುವುದು ಹೆಚ್ಚಾಗಿ ಲೋಡ್ ಎಳೆಯುವಾಗ. ಇಂಟರ್‌ಕೂಲರ್ ಹೋಸ್ ಬಿರಿದು ಗಾಳಿ ಸೋರಿದರೂ ಅಷ್ಟೇ, ಏರಿನಲ್ಲಿ ಶಿಳ್ಳೆ, ಕಪ್ಪು ಹೊಗೆ, ಎಳೆತ ಕಡಿಮೆ. ಟರ್ಬೊದಲ್ಲಿ ತೊಂದರೆಯಿದ್ದರೆ ನಿಂತಲ್ಲಿ ರೇಸ್ ಮಾಡಿದಾಗಲೂ ಸ್ವಲ್ಪ ಸುಳಿವು ಸಿಗುತ್ತದೆ. ಹೋಸ್ ಬಿಚ್ಚಿ ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ 'ನೋಡಿ, ಪ್ಲೇ ಇದೆ' ಎಂದು ತೋರಿಸುವವರಿದ್ದಾರೆ. ಆ ಶಾಫ್ಟ್ ಆಯಿಲ್ ಪದರದ ಮೇಲೆ ತೇಲುವಂಥದ್ದು, ಎಂಜಿನ್ ನಿಂತಾಗ ಅಡ್ಡಕ್ಕೆ ಕೊಂಚ ಅಲುಗುವುದು ಸಹಜ. ಉದ್ದಕ್ಕೆ ಹಿಂದೆ ಮುಂದೆ ಜರುಗಬಾರದು, ರೆಕ್ಕೆ ಗೋಡೆಗೆ ತಾಗಿದ ಗುರುತು ಇರಬಾರದು. ಇವೆರಡೂ ಇಲ್ಲದಿದ್ದರೆ ಟರ್ಬೊ ಮುಟ್ಟಬೇಡಿ.

ಈಗ ರಸ್ತೆ ಪರೀಕ್ಷೆ. ಬೇಲೂರು–ಹಾಸನ ರಸ್ತೆಯಲ್ಲಿ ಸಮತಟ್ಟಾದ, ಹಿಂದೆ ಮುಂದೆ ವಾಹನವಿಲ್ಲದ ಒಂದು ತುಂಡು ಸಾಕು. ಗಾಡಿ ಖಾಲಿ ಇರಲಿ. ಬಾಡಿಯಲ್ಲಿ ಜಾಕಿ, ಸರಪಳಿ, ಸ್ಟೆಪ್ನಿ ಅಲುಗದಂತೆ ಕಟ್ಟಿ, ಹಿಂದಿನ ಬಾಗಿಲಿನ ಕೊಂಡಿಗೆ ಬಟ್ಟೆ ಸುತ್ತಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಕೇಳಲಿ. ನಾಲ್ಕನೇ ಗೇರಿನಲ್ಲಿ 60ಕ್ಕೆ ಹೋಗಿ ಕಾಲು ತೆಗೆಯಿರಿ, ಬ್ರೇಕ್ ಮುಟ್ಟಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ಬರುವ ಶಬ್ದವಾದರೆ ಅದು ಲೈನರ್, ಪ್ಯಾಡ್, ಡ್ರಮ್ಮಿನ ವಿಷಯ, ಹುಡುಕುವ ಜಾಗವೇ ಬೇರೆ.

ಎರಡನೇ ಸಲ ಅದೇ ವೇಗದಲ್ಲಿ ಕಾಲು ತೆಗೆದು ಕ್ಲಚ್ ಒತ್ತಿ. ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಲಚ್ ಒತ್ತಿದಾಗ ಶಬ್ದ ಕಡಿಮೆಯಾಯಿತು, ಹಾಗಾದರೆ ಎಂಜಿನ್ನಿನದೇ ಎಂದು ತೀರ್ಮಾನಿಸುತ್ತಾರೆ. ಹಾಸನದಲ್ಲಿ ನಿಮಗೆ ಸಿಕ್ಕಿದ ತೀರ್ಪು ಬಹುಶಃ ಹೀಗೇ ಬಂದದ್ದು. ಕ್ಲಚ್ ಒತ್ತಿದರೆ ಎಂಜಿನ್ ಬೇರ್ಪಡುವುದು ಮಾತ್ರವಲ್ಲ, ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ (ಒಂದಕ್ಕೊಂದು ಕೂಡುವ ದೊಡ್ಡ ಮತ್ತು ಸಣ್ಣ ಗೇರ್) ಹಲ್ಲುಗಳ ಮೇಲಿದ್ದ ಎಳೆತವೂ ಸಡಿಲವಾಗುತ್ತದೆ. ಸವೆದ ಪಿನಿಯನ್ ಬೇರಿಂಗ್ ಆಗ ತಾನಾಗಿಯೇ ದನಿ ತಗ್ಗಿಸುತ್ತದೆ. ನಿಮ್ಮ ಡ್ರೈವರಿಗೆ ನ್ಯೂಟ್ರಲ್‌ನಲ್ಲಿ ಶಬ್ದ ಕಡಿಮೆ ಎನಿಸುವುದೂ ಇದಕ್ಕೇ. ಆದ್ದರಿಂದ ಶಬ್ದ ಎಷ್ಟು ಜೋರು ಎಂದು ಕೇಳಬೇಡಿ, ಅದರ ಸ್ವರ ಯಾವುದನ್ನು ಹಿಂಬಾಲಿಸುತ್ತದೆ ಎಂದು ಕೇಳಿ. ಕ್ಲಚ್ ಒತ್ತಿದೊಡನೆ ಎಂಜಿನ್ ಐಡಲಿಗೆ ಬೀಳುತ್ತದೆ. ಸ್ವರವೂ ಅದರೊಡನೆ ತಟ್ಟನೆ ಬಿದ್ದರೆ ಮುಂಭಾಗದ್ದು. ದನಿ ತಗ್ಗಿದರೂ ಅದೇ ಸ್ವರದಲ್ಲಿ ಉಳಿದು ಗಾಡಿಯ ವೇಗದೊಡನೆ ನಿಧಾನವಾಗಿ ಇಳಿದರೆ ಹಿಂಭಾಗದ್ದು. ಪರೀಕ್ಷೆಗೆಂದು ಓಡುವ ಗಾಡಿಯ ಕೀ ಮಾತ್ರ ಆಫ್ ಮಾಡಬೇಡಿ. ಪೆಡಲ್ ಹಗುರಮಾಡುವ ಬ್ರೇಕ್ ಬೂಸ್ಟರಿನಿಂದ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಎಂಜಿನ್ ಜೊತೆಗೇ ನಿಂತುಹೋಗುತ್ತದೆ.

ಮೂರನೆಯದು ಇನ್ನೂ ನಂಬಿಕಸ್ಥ ಪರೀಕ್ಷೆ: 40ರ ವೇಗದಲ್ಲಿ ಒಮ್ಮೆ ಮೂರನೇ ಗೇರಿನಿಂದ, ಒಮ್ಮೆ ನಾಲ್ಕನೆಯದರಿಂದ ಕಾಲು ತೆಗೆಯಿರಿ. ಗಾಡಿಯ ವೇಗ ಒಂದೇ, ಎಂಜಿನ್ ವೇಗ ಬೇರೆ. ಎರಡರಲ್ಲೂ ಸ್ವರ ಒಂದೇ ಇದ್ದರೆ ಗೇರ್‌ಬಾಕ್ಸ್ ದಾಟಿದ ಮೇಲಿನ ಭಾಗ, ಅಂದರೆ ಶಾಫ್ಟ್, ಹೌಸಿಂಗ್, ಚಕ್ರ. ಗೇರಿಗೆ ತಕ್ಕಂತೆ ಸ್ವರ ಬದಲಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್. ಐದು ಗೇರಿನ ಹೆಚ್ಚಿನ ಪಿಕಪ್‌ಗಳಲ್ಲಿ ನಾಲ್ಕನೆಯದು ನೇರ ಗೇರ್, ಗೇರ್‌ಬಾಕ್ಸ್ ಒಳಗಿನ ಪಕ್ಕದ ಶಾಫ್ಟಾದ ಲೇ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಬೇರೆಲ್ಲ ಗೇರಿನಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾದರೆ ಗೇರ್‌ಬಾಕ್ಸಿನ ಲೇ ಶಾಫ್ಟ್ ಬೇರಿಂಗ್ ನೋಡಿಸಬೇಕು. ಚಕ್ರದ ಬೇರಿಂಗ್ ಆದರೆ ಕಾಲು ಇಟ್ಟರೂ ತೆಗೆದರೂ 'ಗೊರಗೊರ' ಇದ್ದೇ ಇರುತ್ತದೆ, ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಹೆಚ್ಚು ಕಡಿಮೆಯಾಗುತ್ತದೆ.

ರಸ್ತೆ ಪರೀಕ್ಷೆ ಹಿಂಭಾಗವನ್ನೇ ತೋರಿಸಿದರೆ ಅಡಿಗೆ ಹೋಗಬೇಕು. ಸಮತಟ್ಟು ನೆಲ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಅಡೆ, ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತೂರಬೇಡಿ. ಪಿಕಪ್ ನೆಲದಿಂದ ಎತ್ತರವಿರುವುದರಿಂದ ಈ ತಪಾಸಣೆಗೆ ಎತ್ತಬೇಕಾಗಿಯೂ ಇಲ್ಲ.

ಕ್ರಾಸಿನ ಒಂದು ಕಡೆಯ ಯೋಕನ್ನು (ಕ್ರಾಸನ್ನು ಹಿಡಿದಿರುವ ಕವಲು) ಒಂದು ಕೈಯಲ್ಲಿ, ಇನ್ನೊಂದು ಕಡೆಯದನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಶಾಫ್ಟ್ ಇಡಿಯಾಗಿ ಸ್ವಲ್ಪ ತಿರುಗಿ ನಿಲ್ಲುವುದು ಗೇರಿನ ಹಲ್ಲುಗಳ ನಡುವಿನ ಬಿಡುವು, ಅದು ಇರಬೇಕಾದದ್ದೇ. ಕ್ರಾಸ್ ಕೂತಿರುವ ಜಾಗದಲ್ಲೇ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಕ್ರಾಸ್ ಮುಗಿದಿದೆ. ಕ್ರಾಸಿನ ನಾಲ್ಕು ತುದಿಗೆ ಕೂರಿಸಿದ ಬೇರಿಂಗ್ ಕಪ್ಪಿನ ಬಾಯಿಯ ಸುತ್ತ ಕಾಫಿಪುಡಿ ಬಣ್ಣದ ತುಕ್ಕಿನ ಹುಡಿ ಅಂಟಿದ್ದರೆ ಒಳಗಿನ ಸೂಜಿ ರೋಲರುಗಳು ಗ್ರೀಸಿಲ್ಲದೆ ತಮ್ಮನ್ನೇ ಅರೆದುಕೊಳ್ಳುತ್ತಿವೆ. ಗ್ರೀಸ್ ನಿಪ್ಪಲ್ ಇದ್ದರೆ ಗನ್ ಹಾಕಿ ಒತ್ತಿ ನೋಡಿ, ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಶಬ್ದ ಆ ಒಂದರದ್ದೇ ಇರಬಹುದು. ಆಕ್ಸಿಲರೇಟರ್ ಬಿಟ್ಟ ಕ್ಷಣದ ನಿಮ್ಮ 'ಟಕ್'ಗೆ ಇದೇ ಮೊದಲ ಕಾರಣ: ಅಷ್ಟು ಹೊತ್ತು ಎಂಜಿನ್ ಚಕ್ರವನ್ನು ತಳ್ಳುತ್ತಿತ್ತು, ಈಗ ಚಕ್ರ ಎಂಜಿನ್ನನ್ನು ತಳ್ಳುತ್ತದೆ, ಸವೆದ ಕ್ರಾಸ್ ಆಚೆ ಬದಿಗೆ ಬಡಿಯುತ್ತದೆ. ನಿಧಾನ ವೇಗದಲ್ಲಿ 'ಚಿಂವ್ ಚಿಂವ್' ಎಂದು ತಾಳ ಹಿಡಿದಂತೆ ಕೇಳಿದರೂ ಕ್ರಾಸೇ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸುಮಾರು ನಾಲ್ಕೈದು ಸುತ್ತು ಬರುವುದರಿಂದ ಅದರ ತಾಳ ಚಕ್ರಕ್ಕಿಂತ ಚುರುಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಇಂಥದೇ ಪೆಟ್ಟು ಬರುತ್ತದೆ, ಟಾರ್ಚ್ ಹಿಡಿದು ಒಮ್ಮೆ ನೋಡಿಬಿಡಿ. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರನ್ನೂ ಹಾಗೆಯೇ.

ಮುಂದೆ ಹೌಸಿಂಗಿನ ಮೂತಿ. ಶಾಫ್ಟ್ ಸೇರುವ ಪಿನಿಯನ್ ಫ್ಲಾಂಜನ್ನು ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಎಳೆದು ತಳ್ಳಿ. ತಿರುಗುವ ಬಿಡುವು ಬಿಟ್ಟು ಬೇರೆ ಯಾವ ಅಲುಗಾಟವೂ ಇರಬಾರದು. ಕೂದಲೆಳೆಯಷ್ಟು ಇದ್ದರೂ ಗಾಡಿ ನಿಲ್ಲಿಸಿ. 'ಗೂಂ' ಕಾಲು ತೆಗೆದಾಗ ಮಾತ್ರ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಪಿನಿಯನ್ನನ್ನು ಎರಡು ಟೇಪರ್ ಬೇರಿಂಗ್ ಹಿಡಿದಿರುತ್ತವೆ. ಎಂಜಿನ್ ಎಳೆಯುವಾಗ ಪಿನಿಯನ್ ಕ್ರೌನಿನಿಂದ ದೂರ ತಳ್ಳಲ್ಪಡುತ್ತದೆ, ಆ ಒತ್ತಡ ಒಳಗಿನ ದೊಡ್ಡ ಬೇರಿಂಗಿನ ಮೇಲೆ. ಕಾಲು ತೆಗೆದಾಗ ಪಿನಿಯನ್ ಕ್ರೌನಿನತ್ತ ಎಳೆಯಲ್ಪಡುತ್ತದೆ, ಅದನ್ನು ತಡೆಯಬೇಕಾದದ್ದು ಮುಂದಿನ ಸಣ್ಣ ಬೇರಿಂಗ್. ಅದು ಸವೆದಿದ್ದರೆ, ಅಥವಾ ಪಿನಿಯನ್ ನಟ್ ಸಡಿಲವಾಗಿ ಬಿಗಿ ಹೋಗಿದ್ದರೆ, ಪಿನಿಯನ್ ಜಾಗ ಬಿಟ್ಟು ಸರಿಯುತ್ತದೆ, ಹಲ್ಲುಗಳು ತಪ್ಪು ಜಾಗದಲ್ಲಿ ಕೂಡಿ ಕೂಗುತ್ತವೆ. ಕಾಲಿಟ್ಟ ಕೂಡಲೇ ದೊಡ್ಡ ಬೇರಿಂಗ್ ಭಾರ ಹೊತ್ತುಕೊಳ್ಳುವುದರಿಂದ ಶಬ್ದ ಮಾಯ. ಹೌಸಿಂಗ್ ಆಯಿಲ್ ಕಡಿಮೆಯಿದ್ದಾಗ ಮೊದಲು ಒಣಗುವುದೂ ಈ ಮುಂದಿನ ಬೇರಿಂಗೇ, ಅದರಲ್ಲೂ ಉದ್ದ ಏರಿನಲ್ಲಿ, ಆಯಿಲ್ ಹಿಂದಕ್ಕೆ ಸರಿದಿರುವಾಗ.

ಹೌಸಿಂಗ್ ಆಯಿಲ್ ಬಿಚ್ಚಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ಜಾಮ್ ಆಗಿದೆ ಎಂದು ಆಮೇಲೆ ಗೊತ್ತಾದರೆ ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಗಾಡಿ ಸ್ವಲ್ಪ ಓಡಿ ಬೆಚ್ಚಗಿರುವಾಗಲೇ ಅಗಲದ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹಳ್ಳ ದಾಟುವಾಗ ಆಗುವುದೇ ಇದು: ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಹೌಸಿಂಗಿನ ಗಾಳಿಕಿಂಡಿ) ಅಥವಾ ಹಳೆಯ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರು ಬೇರಿಂಗಿನ ಮೈಯಲ್ಲಿ ತುಕ್ಕಿನ ಗುಳಿ ಬೀಳಿಸುತ್ತದೆ. ಮ್ಯಾಗ್ನೆಟ್ ಪ್ಲಗ್ಗಿನ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ವಯಸ್ಸಿನ ಸವೆತ, ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಪದರು ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಒಡೆಯುತ್ತಿದೆ.

ಏನು ಸಿಕ್ಕಿತು ಎಂಬುದರ ಮೇಲೆ ಮುಂದಿನ ದಾರಿ. ಆಯಿಲ್ ಮಟ್ಟ ಕಡಿಮೆ, ಬಣ್ಣ ಸರಿ, ಚೂರಿಲ್ಲ, ಫ್ಲಾಂಜಿನಲ್ಲಿ ಅಲುಗಾಟವಿಲ್ಲ ಎಂದಾದರೆ ಸೋರುವ ಸೀಲ್ ಬದಲಿಸಿ, ಬ್ರೀದರ್ ಶುಚಿಮಾಡಿ, ಮ್ಯಾನ್ಯುಯಲ್ ಹೇಳಿದ ದರ್ಜೆಯ ಗೇರ್ ಆಯಿಲ್ (ಇಂಥ ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5, 80ಡಬ್ಲ್ಯೂ-90) ತುಂಬುವ ರಂಧ್ರದ ಕೆಳಅಂಚಿನ ಮಟ್ಟಕ್ಕೆ ಹಾಕಿ ಓಡಿಸಿ ನೋಡಬಹುದು. ಶಬ್ದ ಅಡಗಲೆಂದು ಇನ್ನೂ ದಪ್ಪ ಆಯಿಲ್ ಸುರಿಯುವ ಉಪಾಯಕ್ಕೆ ಹೋಗಬೇಡಿ. ನಾಲ್ಕು ದಿನ ದನಿ ತಗ್ಗುತ್ತದೆ, ಸವೆತ ತಗ್ಗುವುದಿಲ್ಲ, ನೀವು ಎಚ್ಚರ ತಪ್ಪುತ್ತೀರಿ. ಇದೇ ಆಯಿಲನ್ನು ಗೇರ್‌ಬಾಕ್ಸಿಗೂ ಹಾಕಿಬಿಡಬೇಡಿ, ಅದಕ್ಕೆ ಬೇರೆ ದರ್ಜೆ ಹೇಳಿರುತ್ತಾರೆ. ಜಿಎಲ್-5 ಕೆಲವು ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಆಗಿಬರುವುದಿಲ್ಲ.

ಕ್ರಾಸ್ ಮಾತ್ರ ಹೋಗಿದ್ದರೆ ಎಂಜಿನ್ ಬಿಲ್ಲಿನ ಮುಂದೆ ಅದು ಸಣ್ಣ ಖರ್ಚು. ಶಾಫ್ಟ್ ಇಳಿಸುವ ಮೊದಲು ಎರಡೂ ಫ್ಲಾಂಜಿಗೆ ಬಣ್ಣದ ಗುರುತು ಹಾಕಿಸಿ, ಅದೇ ಜಾಗಕ್ಕೆ ಕೂರದಿದ್ದರೆ ಬ್ಯಾಲೆನ್ಸ್ ಕೆಟ್ಟು ಹೊಸ ಅದುರು ಶುರುವಾಗುತ್ತದೆ. ಸುತ್ತಿಗೆಯಲ್ಲಿ ಹೊಡೆದು ಕಪ್ ಕೂರಿಸುವಾಗ ಒಳಗಿನ ಒಂದು ಸೂಜಿ ಅಡ್ಡ ಬಿದ್ದರೆ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಅದನ್ನು ಹಿಡಿದಿಡುವ ರಿಂಗು, ಅಂದರೆ ಸರ್ಕ್ಲಿಪ್, ತನ್ನ ಗ್ರೂವಿಗೆ ಕೂರುವುದಿಲ್ಲ. ಆಗ ಇನ್ನೆರಡು ಏಟು ಹಾಕಿ ಕೂರಿಸಿಬಿಡುತ್ತಾರೆ, ಆ ಕ್ರಾಸ್ ಹೆಚ್ಚು ದಿನ ಬಾಳುವುದಿಲ್ಲ. ಪ್ರೆಸ್ ಅಥವಾ ವೈಸ್ ಇರುವಲ್ಲಿ ಮಾಡಿಸಿ. ಸವೆದ ಕ್ರಾಸಿನಲ್ಲೇ ಓಡಿಸುವುದರ ಅಪಾಯವನ್ನು ಹಗುರವಾಗಿ ಎಣಿಸಬೇಡಿ. ಇಳಿಜಾರಿನಲ್ಲಿ ಕ್ರಾಸ್ ತುಂಡಾದರೆ ಎಂಜಿನ್ ಬ್ರೇಕ್ ಆ ಕ್ಷಣವೇ ಇಲ್ಲವಾಗುತ್ತದೆ. ಶಾಫ್ಟಿನ ಮುಂದಿನ ತುದಿ ಕಳಚಿದರೆ ಅದು ರಸ್ತೆಗೆ ಚುಚ್ಚಿಕೊಳ್ಳುತ್ತದೆ.

ಪಿನಿಯನ್ ಬೇರಿಂಗ್ ಎಂದಾದರೆ ಗ್ಯಾರೇಜ್ ಆರಿಸುವುದರಲ್ಲೇ ಅರ್ಧ ಕೆಲಸ. ನಟ್ಟನ್ನು ಇನ್ನೊಂದು ಸುತ್ತು ಬಿಗಿಮಾಡಿ ಕಳಿಸುತ್ತೇನೆ ಎಂದರೆ ಒಪ್ಪಬೇಡಿ. ಬಹಳಷ್ಟು ಹೌಸಿಂಗುಗಳಲ್ಲಿ ಎರಡು ಬೇರಿಂಗಿನ ನಡುವೆ ಅದುಮಿದಷ್ಟೂ ಕುಗ್ಗುವ ಸ್ಪೇಸರ್ ಇರುತ್ತದೆ. ಒಮ್ಮೆ ಅಳತೆ ಮೀರಿ ಕುಗ್ಗಿದರೆ ವಾಪಸ್ ಬರುವುದಿಲ್ಲ, ಬೇರಿಂಗ್ ಬಿಗಿಯಾಗಿ ಕಾದು ಹಿಡಿದುಕೊಳ್ಳುತ್ತದೆ. ಓಡುವಾಗ ಹಿಡಿದುಕೊಂಡರೆ ಹಿಂದಿನ ಚಕ್ರಗಳೇ ಲಾಕ್ ಆಗಬಹುದು. ಬೇರಿಂಗ್, ಸೀಲ್, ಸ್ಪೇಸರ್, ನಟ್ ಎಲ್ಲ ಹೊಸತು ಹಾಕಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಎಂದು ಅಳೆದು, ಹಲ್ಲಿನ ಬಿಡುವನ್ನು ಡಯಲ್ ಗೇಜಿನಲ್ಲಿ ನೋಡಿ, ಬಣ್ಣ ಹಚ್ಚಿ ಹಲ್ಲು ಎಲ್ಲಿ ಕೂಡುತ್ತದೆ ಎಂದು ಪರೀಕ್ಷಿಸುವವರಿಗೆ ಮಾತ್ರ ಕೊಡಿ. ಡಯಲ್ ಗೇಜ್ ಇದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಒಂದು ಮಾತು ಮುಂಚೆಯೇ ಗೊತ್ತಿರಲಿ: ಬಹಳ ದಿನ ಕೂಗಿಸಿಕೊಂಡೇ ಓಡಿಸಿದ್ದರೆ ಹಲ್ಲುಗಳೂ ಆ ತಪ್ಪು ಜಾಗಕ್ಕೆ ಸವೆದಿರುತ್ತವೆ, ಬೇರಿಂಗ್ ಹೊಸತಾದರೂ ಸ್ವಲ್ಪ ಕೂಗು ಉಳಿಯಬಹುದು. ಹಲ್ಲಿನ ಮೈ ಎದ್ದಿದ್ದರೆ ಕ್ರೌನ್-ಪಿನಿಯನ್ ಜೋಡಿಯಾಗಿಯೇ ಬದಲಿಸಬೇಕು, ಒಂದನ್ನು ಬಿಟ್ಟು ಒಂದು ಹಾಕುವಂತಿಲ್ಲ. ಗುಜರಿಯಿಂದ ಹಳೆ ಹೌಸಿಂಗ್ ತರುವವರು ಎರಡೂ ಹಲ್ಲುಗಳ ಲೆಕ್ಕ ತಮ್ಮದಕ್ಕೆ ತಾಳೆಯಾಗುತ್ತದೆಯೇ ಎಂದು ಎಣಿಸಿಯೇ ತರಬೇಕು. ಆಯಿಲ್‌ನಲ್ಲಿ ಚೂರು ಸಿಕ್ಕಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಹಿಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆಸಲೂಬೇಡಿ. ಇನ್ನೊಂದು ವಾಹನದ ಮೇಲೆ ಹೇರಿ ಕಳಿಸಿ.

ಪರೀಕ್ಷೆಯಲ್ಲಿ ಸ್ವರ ಎಂಜಿನ್ನನ್ನೇ ಹಿಂಬಾಲಿಸಿದರೆ ಹಾಸನದವರ ಮಾತು ಸರಿಯಿರಬಹುದು. ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು) ಹೋದ ಎಂಜಿನ್ ನಿಂತಲ್ಲೇ 2000-2500 ಆರ್‌ಪಿಎಂಗೆ ಏರಿಸಿ ಕಾಲು ಸಡಿಲಿಸುವಾಗ 'ಟಕಟಕ' ಎಂದು ಬಡಿಯುತ್ತದೆ. ನಿಮ್ಮ ಗಾಡಿ ಆಗ ಸುಮ್ಮನಿದೆ. ಆದರೂ ಮನಸ್ಸಿಗೆ ಸಮಾಧಾನ ಬೇಕಿದ್ದರೆ ಗೇಜ್ ಹಾಕಿಸಿ, ಬಿಸಿ ಎಂಜಿನ್ನಿನ ಆಯಿಲ್ ಪ್ರೆಷರ್ ನೋಡಿಸಿ. ಆಯಿಲ್ ಫಿಲ್ಟರ್ ಕೊಯ್ದು ಕಾಗದದ ಮಡಿಕೆ ಬಿಡಿಸಿ, ತಾಮ್ರದ ಬಣ್ಣದ ಅಥವಾ ಬೆಳ್ಳಿಯಂಥ ಚೂರು ಇದೆಯೇ ನೋಡಿ. ಎಂಜಿನ್ ಇಳಿಸುವ ಮೊದಲು ಯಾವ ಗ್ಯಾರೇಜೂ ಮಾಡಬೇಕಾದ ಕನಿಷ್ಠ ತಪಾಸಣೆ ಇದು. ಹಳೆಯ ಎಂಜಿನ್ನಿನಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಎಂದು ಹುಡುಕಲು ಮಾತ್ರ ಯಾರನ್ನೂ ಬಿಡಬೇಡಿ. ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ ಒತ್ತಡ 1000 ಬಾರ್ ಮೀರಿ ಹೋಗುತ್ತದೆ, ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ. ಆ ಕೆಲಸಕ್ಕೆ ಸ್ಕ್ಯಾನರ್ ಇದೆ.

ಕೊನೆಗೆ ಆ ಹೆಚ್ಚುವರಿ ಪ್ಲೇಟ್. ಶಬ್ದ ಅದಾದ ಮೇಲೆ ಶುರುವಾದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ. ಪ್ಲೇಟ್ ಹೆಚ್ಚಿದರೆ ಹಿಂಭಾಗ ಎತ್ತರವಾಗುತ್ತದೆ, ಶಾಫ್ಟಿನ ಕೋನ ಕಡಿದಾಗುತ್ತದೆ, ಖಾಲಿ ಓಡುವಾಗ ಇನ್ನೂ ಕಡಿದು. ಕ್ರಾಸ್ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ದುಡಿಯಬೇಕಾಗುತ್ತದೆ, ಪಿನಿಯನ್ ಬೇರಿಂಗಿಗೂ ಅದುರು ತಲುಪುತ್ತದೆ. ರಿಪೇರಿಯ ಹೊತ್ತಿಗೇ ಆ ಪ್ಲೇಟ್ ತೆಗೆಸಿ, ಕಂಪನಿ ಕೊಟ್ಟ ಸೆಟ್ ಸರಿಮಾಡಿಸಿಕೊಂಡು, ಹೇರುವ ತೂಕವನ್ನು ಆರ್‌ಸಿಯಲ್ಲಿ ಬರೆದಷ್ಟಕ್ಕೆ ಇಳಿಸುವುದು ಒಳ್ಳೆಯದು. ಇಟ್ಟುಕೊಳ್ಳಲೇಬೇಕು ಎಂದಾದರೆ ಗೇರ್‌ಬಾಕ್ಸ್ ಕಡೆಯ ಮತ್ತು ಹೌಸಿಂಗ್ ಕಡೆಯ ಕ್ರಾಸ್ ಕೋನಗಳನ್ನು ಅಳೆಸಿ, ವ್ಯತ್ಯಾಸವಿದ್ದರೆ ಪ್ಲೇಟ್ ಮತ್ತು ಹೌಸಿಂಗ್ ನಡುವೆ ಸರಿಯಾದ ಆಪು (ಓರೆ ತುಂಡು) ಕೊಡಿಸಿ ಸಮ ಮಾಡಿಸಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ತನ್ನ ಗುಳಿಯಲ್ಲಿ ಕೂತಿದೆಯೇ ನೋಡಿಸಿ, ಹಳೆಯ ಯು-ಬೋಲ್ಟ್ ಮತ್ತೆ ಹಾಕಿಸಬೇಡಿ. ಹೊಸ ಯು-ಬೋಲ್ಟನ್ನೂ ನಾಲ್ಕೈದು ಲೋಡ್ ಹೊತ್ತ ಮೇಲೆ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಬಿಗಿಮಾಡಿಸಿ. ಹಳ್ಳ ದಾಟುವುದು ತಪ್ಪದಿದ್ದರೆ ಬ್ರೀದರಿಗೆ ಒಂದು ರಬ್ಬರ್ ಹೋಸ್ ಜೋಡಿಸಿ, ಅದರ ತುದಿಯನ್ನು ಬಾಡಿಯಡಿಯ ಎತ್ತರದ ಜಾಗಕ್ಕೆ ಕಟ್ಟಿಸಿ. ಮಳೆ ನಿಂತ ಮೇಲೆ ಹೌಸಿಂಗ್ ಆಯಿಲ್ ಬದಲಿಸಿ. ಪ್ರೆಷರ್ ಪಂಪಿನಲ್ಲಿ ಗಾಡಿ ತೊಳೆಸಿದಾಗಲೆಲ್ಲ ಕ್ರಾಸಿಗೆ ಗ್ರೀಸ್ ಹೊಡೆಸಿ.